ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ

ದಾದರಿನ ಶಿವಾಜಿ ಪಾರ್ಕಿನಲ್ಲಿ ಆಡಿ ಬೆಳೆದ ಕ್ರಿಕೆಟ್ ಪಟುಗಳ ಹೆಸರುಗಳು ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿವೆ. ಆದರೆ ಅವರೆಲ್ಲರಿಗಿಂತ ಮೊದಲೇ ಈ ಮುಂಬಯಿಯಲ್ಲಿ ಕೀರ್ತಿ ಗಳಿಸಿದ ಒಬ್ಬ ಚೆಂಡೆಸೆತಗಾರರು ನಮ್ಮ ಧಾರವಾಡದಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರು ವಿರಳ.

ಪಾಲವಣಕರ ಬಾಳೂ ಅವರು ಜನಿಸಿದುದು 1876ರಲ್ಲಿ. ಮನೆತನವು ಕೊಂಕಣದ್ದು, ಜಾತಿಯಿಂದ ಚಮ್ಮಾರರು. ತಂದೆ ಸೈನ್ಯದಲ್ಲಿದ್ದುದರಿಂದ ಬಾಲ್ಯವು ಪುಣೆಯಲ್ಲಿ ಕಳೆಯಿತು. ಅಲ್ಲಿ ಆಂಗ್ಲರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳದ ಚಾಕರಿ ದೊರೆಯಿತು. ನೆಲಕ್ಕೆ ಉರುಳೆ ಎಳೆಯುವುದು, ಬಲೆ ಕಟ್ಟುವುದು, ಸಾಹೇಬರಿಗೆ ದಾಂಡಿನ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆಯುವುದು, ಇವು ಅವರ ಕೆಲಸಗಳು. ದಾಂಡನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ಮುಂದೆ ಪುಣೆಯ ಹಿಂದೂಗಳು ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ಹೊತ್ತಿನಲ್ಲಿ ಅವರಿಗೆ ಚಹವನ್ನು ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು.

ತರುವಾಯ ಅವರು ಮುಂಬಯಿಗೆ ಬಂದು ರೈಲ್ವೆಯಲ್ಲಿ ನೌಕರಿ ಹಿಡಿದರು, ಹಿಂದೂ ಜಿಮಖಾನೆಯ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ತಮ್ಮ ಶಿವರಾಮನೂ ಜೊತೆಗಿದ್ದನು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತೀಯ ತಂಡವೊಂದು ಇಂಗ್ಲೆಂಡಿಗೆ ಹೋಗಿ ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆ ಸೋಲುಗಳ ನಡುವೆಯೂ ಬಾಳೂ ಒಬ್ಬರೇ 114 ವಿಕೆಟ್ಟುಗಳನ್ನು ಪಡೆದರು. ಒಂದೊಂದಕ್ಕೆ ಕೊಟ್ಟ ರನ್ನು 18.84.

ಇಲ್ಲಿ ನಾವು ಸ್ವಲ್ಪ ಗಣಿತ ಮಾಡೋಣ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟುಗಳು 179. ಒಂದು ಪಂದ್ಯದಲ್ಲಿ ಎದುರಾಳಿಗಳವು ಹೆಚ್ಚೆಂದರೆ ಇಪ್ಪತ್ತು ವಿಕೆಟ್ಟು. ಐವರು ಎಸೆತಗಾರರು ಸಮನಾಗಿ ಹಂಚಿಕೊಂಡರೆ ಒಬ್ಬನ ಪಾಲಿಗೆ ನಾಲ್ಕು, 33 ಪಂದ್ಯಗಳಿಗೆ 132. ಬಾಳೂ ಅವರದು ಅದಕ್ಕಿಂತ 47 ಹೆಚ್ಚು. ಇಪ್ಪತ್ತೂ ಬೀಳದ ಪಂದ್ಯಗಳಿರುವುದರಿಂದ ನಿಜವಾದ ಅಂತರವು ಇನ್ನೂ ದೊಡ್ಡದು. ಅವರ ಸರಾಸರಿ 15.21. ಅದೇ ಕಾಲದಲ್ಲಿ ಎಡಗೈಯಿಂದ ನಿಧಾನವಾಗಿ ಚೆಂಡೆಸೆಯುತ್ತಿದ್ದ ಇಂಗ್ಲೆಂಡಿನ ಪ್ರಸಿದ್ಧ ವಿಲ್ಫ್ರೆಡ್ ರೋಡ್ಸರದು 16ಕ್ಕೆ ತುಸು ಮಿಕ್ಕಿದ್ದು. ಆದರೆ ರೋಡ್ಸರು ಸಾವಿರಕ್ಕೂ ಮಿಕ್ಕಿ ಪಂದ್ಯಗಳನ್ನಾಡಿ ನಾಲ್ಕು ಸಾವಿರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಗಳಿಸಿದವರು. ಮೂವತ್ತಮೂರನ್ನು ಸಾವಿರದ ಪಕ್ಕದಲ್ಲಿಟ್ಟು ಇವರೇ ಮೇಲೆಂದು ತೀರ್ಪು ಕೊಡುವುದು ಗಣಿತಕ್ಕೆ ಒಪ್ಪುವ ಮಾತಲ್ಲ. ಸಮಾನರೆನ್ನಲು ನಮಗೆ ಸಂಕೋಚವಿಲ್ಲ.

ದಾಂಡಿಗರಾಗಿ ಬಾಳೂ ಗಳಿಸಿದ್ದು 753 ರನ್ನು, ಸರಾಸರಿ 13.69. ಇದನ್ನು ಕಂಡು ನಗುವ ಹುಡುಗರು ಆ ಪುಣೆಯ ಕ್ಲಬ್ಬನ್ನು ಒಮ್ಮೆ ನೆನೆಯಲಿ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವಕ್ಕೆ ಅವರ ಹೆಸರು ಬಂದಾಗಲೆಲ್ಲ ಜಾತಿಯು ಅಡ್ಡವಾಯಿತು. ಇಂಗ್ಲೆಂಡಿನಿಂದ ಮರಳಿದಾಗ ಅವರನ್ನು ಸನ್ಮಾನಿಸಿದವರಲ್ಲಿ ತರುಣ ಅಂಬೇಡಕರರೂ ಇದ್ದರು. 1937ರ ಚುನಾವಣೆಯಲ್ಲಿ ಅದೇ ಅಂಬೇಡಕರರಿಗೆದುರಾಗಿ ನಿಂತು ಬಾಳೂ ಸೋತರು. ಹಿಂದೂ ತಂಡದ ನಾಯಕತ್ವವು ಕೊನೆಗೆ 1923ರಲ್ಲಿ ಆ ಮನೆಗೆ ಬಂದಿತು. ಆದರೆ ತಮ್ಮ ವಿಠ್ಠಲನಿಗೆ. ಆ ವೇಳೆಗೆ ಅಣ್ಣನು ಆಟವನ್ನು ಬಿಟ್ಟಿದ್ದನು. ಬಾಳೂ ಅವರು 1955ರ ಜುಲೈ ತಿಂಗಳಿನಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು.