ಮಹಾಯಾತ್ರಿಕ ಹ್ಯೂಯೆನ್ ತ್ಸಾಂಗ್

ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಹ್ಯೂಯೆನ್ ತ್ಸಾಂಗನ ಹೆಸರನ್ನು ಹರ್ಷವರ್ಧನ ಹಾಗೂ ಇಮ್ಮಡಿ ಪುಲಿಕೇಶಿಯರ ಹೆಸರುಗಳೊಡನೆ ಕಂಠಪಾಠ ಮಾಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕಾದೀತು. ಆದರೆ ಶಾಸ್ತ್ರದ ಶುದ್ಧ ಪಾಠವೊಂದಕ್ಕಾಗಿ ಪ್ರಾಣವನ್ನೇ ಪಣವಾಗಿಟ್ಟ ಆ ಮಹನೀಯನ ಜೀವನವು ಎರಡು ವಾಕ್ಯಗಳಲ್ಲಿ ಮುಗಿಯತಕ್ಕದ್ದಲ್ಲ.

ಕ್ರಿ. ಶ. 602ರ ಸುಮಾರಿಗೆ ಚೀನಾದೇಶದ ಲೊಯಾಂಗ್ ನಗರದ ಸಮೀಪದಲ್ಲಿ, ವಿದ್ವಾಂಸರ ಮನೆತನವೊಂದರಲ್ಲಿ ಈತನು ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಭಿಕ್ಷುವಾಗಿದ್ದ ಅಣ್ಣನನ್ನು ಅನುಸರಿಸಿ ಬೌದ್ಧ ವಿಹಾರವನ್ನು ಸೇರಿದನು. ಹಲವು ಗುರುಗಳಲ್ಲಿ ಅಭ್ಯಾಸ ಮಾಡಿದಂತೆಲ್ಲ, ಚೀನೀ ಭಾಷೆಗೆ ಬಂದಿದ್ದ ಅನುವಾದಗಳು ಒಂದಕ್ಕೊಂದು ಹೊಂದದಿರುವುದು ಅವನ ಗಮನಕ್ಕೆ ಬಂದಿತು. ಸಂಶಯ ಪರಿಹಾರಕ್ಕೆ ಭಾರತಕ್ಕೆ ತೆರಳಿ ಮೂಲಗ್ರಂಥಗಳನ್ನೇ ನೋಡಬೇಕೆಂದು ಅವನು ನಿಶ್ಚಯಿಸಿದನು.

ಆಗ ಟಾಂಗ್ ಚಕ್ರವರ್ತಿಯು ಪ್ರಜೆಗಳು ಗಡಿ ದಾಟುವುದನ್ನು ನಿಷೇಧಿಸಿದ್ದನು. 629ರ ಸುಮಾರಿಗೆ ಹ್ಯೂಯೆನ್ ತ್ಸಾಂಗನು ರಾಜಾಜ್ಞೆಯನ್ನು ಮೀರಿ ಗುಟ್ಟಾಗಿ ಹೊರಟನು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಬಿದ್ದು, ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲದೆ ನರಳಿದನು. ತುರ್ಫಾನಿನ ಅರಸನು ಅವನ ಪಾಂಡಿತ್ಯಕ್ಕೆ ಮರುಳಾಗಿ ತನ್ನಲ್ಲಿಯೇ ಉಳಿಸಿಕೊಳ್ಳಲು ಹಟ ಹಿಡಿದಾಗ, ಉಪವಾಸ ಕುಳಿತು ಬಿಡುಗಡೆ ಪಡೆದನು. ಅದೇ ಅರಸನು ಮುಂದಿನ ರಾಜ್ಯಗಳಿಗೆ ಪರಿಚಯ ಪತ್ರಗಳನ್ನು ಕೊಟ್ಟು ಕಳುಹಿಸಿದನು.

ನಾಲಂದದಲ್ಲಿ ವಯೋವೃದ್ಧ ಆಚಾರ್ಯ ಶೀಲಭದ್ರನು ಅವನನ್ನು ಶಿಷ್ಯನಾಗಿ ಸ್ವೀಕರಿಸಿದನು. ಅಲ್ಲಿ ಹ್ಯೂಯೆನ್ ತ್ಸಾಂಗನು ಯೋಗಾಚಾರ ಶಾಸ್ತ್ರವನ್ನೂ ಸಂಸ್ಕೃತ ವ್ಯಾಕರಣವನ್ನೂ ವರ್ಷಗಟ್ಟಲೆ ಅಭ್ಯಸಿಸಿದನು. ಸುಮಾರು ನೂರು ಗ್ರಾಮಗಳ ಉತ್ಪನ್ನವನ್ನು ರಾಜರು ಆ ವಿದ್ಯಾಪೀಠಕ್ಕೆ ದತ್ತಿಯಾಗಿ ಬಿಟ್ಟಿದ್ದರು. ಗ್ರಾಮಸ್ಥರು ದಿನವೂ ಅಕ್ಕಿ, ಹಾಲು, ಬೆಣ್ಣೆಗಳನ್ನು ಒದಗಿಸುತ್ತಿದ್ದರು. ಹೊಟ್ಟೆಯ ಚಿಂತೆಯಿಲ್ಲದೆ ವಿದ್ಯೆಯಲ್ಲಿ ಮನಸ್ಸಿಡಲು ವಿದ್ಯಾರ್ಥಿಗಳಿಗೆ ಸಾಧ್ಯವಾದುದು ಇದರಿಂದಲೇ ಎಂಬುದನ್ನು ಅವನ ಜೀವನಚರಿತ್ರಕಾರರು ಮರೆಯದೆ ದಾಖಲಿಸಿದ್ದಾರೆ.

640ರ ಸುಮಾರಿಗೆ ಅವನು ಕಾಂಚಿಯಿಂದ ವಾಯವ್ಯಕ್ಕೆ ತಿರುಗಿ ಕೊಂಕಣಪುರವೆಂಬ ನಾಡಿಗೆ ಬಂದನು. ಇದು ಬನವಾಸಿಯೆಂದು ಕೆಲವರು, ತುಂಗಭದ್ರಾ ತೀರದ ಆನೆಗೊಂದಿಯೆಂದು ಕೆಲವರು ಹೇಳುತ್ತಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಲ್ಲಿನ ವಿಶಾಲವಾದ ತಾಳೆವನವನ್ನೂ, ಅದರ ಹೊಳಪಿನ ಗರಿಗಳನ್ನು ಭಾರತದಾದ್ಯಂತ ಬರವಣಿಗೆಗೆ ಬಳಸುತ್ತಿದ್ದುದನ್ನೂ ಅವನು ಬಣ್ಣಿಸಿದ್ದಾನೆ. ಮುಂದೆ ಚಾಲುಕ್ಯ ರಾಜ್ಯದಲ್ಲಿ ಸಂಚರಿಸಿ, ಹರ್ಷನಿಗೂ ಮಣಿಯದ ಪುಲಿಕೇಶಿಯ ಪರಾಕ್ರಮವನ್ನು, ಉಪಕಾರವನ್ನು ಮರೆಯದ ಹಾಗೂ ಅಪಮಾನವನ್ನು ಸಹಿಸದ ಜನರ ಸ್ವಭಾವವನ್ನು, ಮದವೇರಿಸಿದ ಯುದ್ಧದ ಆನೆಗಳನ್ನು ವಿವರಿಸಿದನು. 634ರ ಐಹೊಳೆ ಶಾಸನದಲ್ಲಿ ಆಸ್ಥಾನಕವಿ ರವಿಕೀರ್ತಿಯು ಹೇಳಿದ ವಿಜಯವನ್ನು, ಯಾವ ಋಣವೂ ಇಲ್ಲದ ಪರದೇಶದ ಭಿಕ್ಷುವು ಸಮರ್ಥಿಸಿದಂತಾಯಿತು. 642ರಲ್ಲಿ ಪಲ್ಲವರು ಬಾದಾಮಿಯನ್ನು ವಶಪಡಿಸಿಕೊಂಡರು. ಆ ವೈಭವದ ಕೊನೆಯ ದಿನಗಳನ್ನು ಕಂಡ ಸಾಕ್ಷಿ ಈತನೇ.

645ರಲ್ಲಿ ಅವನು 657 ಗ್ರಂಥಗಳೊಡನೆ ರಾಜಧಾನಿ ಚಾಂಗಾನಿಗೆ ಮರಳಿದನು. ನಿಷೇಧ ಹೊರಡಿಸಿದ್ದ ಚಕ್ರವರ್ತಿಯೇ ಆದರದಿಂದ ಬರಮಾಡಿಕೊಂಡು ಅಧಿಕಾರ ಪದವಿಯನ್ನು ನೀಡಬಂದನು. ಅದನ್ನು ವಿನಯದಿಂದ ನಿರಾಕರಿಸಿ ಅನುವಾದ ಕಾರ್ಯವನ್ನು ಕೈಗೊಂಡನು. ಮರುವರ್ಷ ಪ್ರವಾಸ ವೃತ್ತಾಂತವು ಸಿದ್ಧವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಸುಮಾರು 75 ಕೃತಿಗಳು ಚೀನೀ ಭಾಷೆಯನ್ನು ಸೇರಿದವು. ಅವುಗಳಲ್ಲಿ ವೈಶೇಷಿಕ ದರ್ಶನದ ದಶಪದಾರ್ಥ ಶಾಸ್ತ್ರವು ಸಂಸ್ಕೃತದಲ್ಲಿ ಲುಪ್ತವಾಗಿ ಇಂದು ಆ ಅನುವಾದದಲ್ಲಿ ಮಾತ್ರ ಉಳಿದಿದೆ. ಗ್ರಂಥರಕ್ಷಣೆಗಾಗಿ 652ರಲ್ಲಿ ಕಟ್ಟಿಸಿದ ಗೋಪುರವು ಈಗಿನ ಶಿಯಾನ್ ನಗರದಲ್ಲಿ ಇಂದಿಗೂ ನಿಂತಿದೆ.

ಹಿಂದಿರುಗುವಾಗ ಸಿಂಧೂನದಿಯಲ್ಲಿ ಕೆಲವು ಹಸ್ತಪ್ರತಿಗಳು ನೀರುಪಾಲಾಗಿದ್ದವು. 654ರಲ್ಲಿ ಭಾರತದ ವಿದ್ವಾಂಸ ಮಿತ್ರರಿಗೆ ಬರೆದ ಪತ್ರದಲ್ಲಿ ಅವನು ಗುರು ಶೀಲಭದ್ರನ ನಿಧನಕ್ಕೆ ಶೋಕಿಸಿ, ಕಳೆದುಹೋದ ಗ್ರಂಥಗಳ ಪಟ್ಟಿಯನ್ನು ಕೊಟ್ಟು, ಪ್ರತಿಗಳನ್ನು ಕಳುಹಿಸಬೇಕೆಂದು ಬೇಡಿಕೊಂಡನು. ಕೀರ್ತಿಯ ಶಿಖರದಲ್ಲಿದ್ದ ಐವತ್ತು ದಾಟಿದ ಪಂಡಿತನು ಆಗಲೂ ವಿದ್ಯಾರ್ಥಿಯಾಗಿಯೇ ಉಳಿದಿದ್ದನು. ಹತ್ತು ವರ್ಷಗಳ ತರುವಾಯ, 664ರಲ್ಲಿ, ಅವನು ಕಾಲವಾದನು. 1957ರಲ್ಲಿ ಅವನ ಅಸ್ಥಿಯ ಅವಶೇಷವು ಚೀನಾದಿಂದ ಭಾರತಕ್ಕೆ ಬಂದಿತು. ನಾಲಂದದಲ್ಲಿ ಅವನ ಸ್ಮಾರಕ ಭವನವಿದೆ. ಕಲಿತ ಶಾಲೆಯನ್ನು ಕೊನೆಯವರೆಗೂ ನೆನೆದ ಶಿಷ್ಯನನ್ನು ಆ ಶಾಲೆಯ ನೆಲವೂ ಮರೆತಿಲ್ಲ.