ಮೆನ್ನೋ ಸೀಮೋನ್ಸನ ಚರಿತ್ರೆ

ಮಳೆ ತಪ್ಪಿ ಕಣಜ ಬರಿದಾದ ವರುಷದಲ್ಲಿ ನೆರೆಯವನ ಬಾಗಿಲು ತಟ್ಟುವದು ಎಷ್ಟು ಕಷ್ಟವೆಂದು ನಾವು ಬಲ್ಲೆವು. ಆ ಬಾಗಿಲು ತೆರೆದರೆ ಹೃದಯವು ಎಷ್ಟು ತುಂಬುವದೆಂಬದನ್ನೂ ಬಲ್ಲೆವು. ಸುಖದ ಮನೆಯನ್ನು ಬಿಟ್ಟು ಇಪ್ಪತ್ತೈದು ವರುಷ ಪರದೇಶಿಯಂತೆ ಬಾಳಿದ ಒಬ್ಬ ಬೋಧಕನ ಚರಿತ್ರೆಯನ್ನು ಈಗ ತಿಳಿಸುತ್ತೇವೆ.

ಮೆನ್ನೋ ಸೀಮೋನ್ಸನು 1496ರಲ್ಲಿ, ಈಗಿನ ನೆದರ್ಲೆಂಡ್ಸ್ ದೇಶದ ಉತ್ತರದಲ್ಲಿರುವ ಫ್ರೀಸ್‌ಲೆಂಡ್ ಸೀಮೆಯ ವಿಟ್ಮಾರ್ಸುಮ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. 1524ರಲ್ಲಿ ರೋಮನ್ ಕಥೋಲಿಕ ಸಭೆಯ ಪಾದ್ರಿಯಾಗಿ ನೆರೆಯೂರಿನಲ್ಲಿ ಸೇವೆಗೆ ನಿಂತನು. ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ. ಆದರೆ ಆ ದಿನಗಳಲ್ಲಿ ತಾನು ಸತ್ಯವೇದವನ್ನು ತೆರೆದೇ ನೋಡಿರಲಿಲ್ಲವೆಂದೂ, ಜೊತೆಯವರೊಡನೆ ಇಸ್ಪೀಟಾಟದಲ್ಲಿಯೂ ಕುಡಿತದಲ್ಲಿಯೂ ಹೊತ್ತು ಕಳೆದೆನೆಂದೂ ಅವನು ಮುಂದೆ ತಾನೇ ಅರಿಕೆಮಾಡಿದನು. ಕರ್ತನ ಭೋಜನದ ರೊಟ್ಟಿಯನ್ನು ಕುರಿತು ಸಂಶಯ ಹುಟ್ಟಿದಾಗಲೇ ಅವನು ಹೊಸ ಒಡಂಬಡಿಕೆಯನ್ನು ಕೈಗೆ ತೆಗೆದುಕೊಂಡನು.

1531ರಲ್ಲಿ ಲೇವಾರ್ಡನ್ ಪಟ್ಟಣದಲ್ಲಿ ಸಿಕ್ಕೆ ಎಂಬ ದರ್ಜಿಯು ಎರಡನೆಯ ಸಲ ದೀಕ್ಷಾಸ್ನಾನ ಹೊಂದಿದ್ದಕ್ಕಾಗಿ ತಲೆ ಕಡಿಯಲ್ಪಟ್ಟನು. ಈ ಸುದ್ದಿಯಿಂದ ಮೆನ್ನೋ ಬೆರಗಾಗಿ ವೇದವನ್ನು ಶೋಧಿಸಿದನು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೆಂಬ ಆಜ್ಞೆ ಅವನಿಗೆ ಕಾಣಲಿಲ್ಲ. ಈ ವಿಷಯದಲ್ಲಿ ಸಭೆಗಳಿಗೆ ಭಿನ್ನಾಭಿಪ್ರಾಯವುಂಟು. ಆದರೆ ಅವನ ಮನಸ್ಸಾಕ್ಷಿಯ ಹೋರಾಟವು ನಮ್ಮೆಲ್ಲರಿಗೂ ಪಾಠವೇ. ಸತ್ಯವನ್ನು ಕಂಡರೂ ಅವನು ಉದ್ಯೋಗವನ್ನು ಬಿಡಲಿಲ್ಲ.

1535ರಲ್ಲಿ ಆ ಮತದ ಕೆಲವರು ಕತ್ತಿ ಹಿಡಿದು ಬೋಲ್ಸ್‌ವರ್ಡ್ ಊರಿನ ಸಮೀಪದ ಮಠವನ್ನು ಆಕ್ರಮಿಸಿದರು. ಸರಕಾರದ ಸಿಪಾಯಿಗಳು ಮಠವನ್ನು ಹಿಡಿದು ಬಹು ಜನರನ್ನು ಕೊಂದರು. ಸತ್ತವರಲ್ಲಿ ಮೆನ್ನೋವಿನ ಸಹೋದರನೂ ಇದ್ದನೆಂದು ಹೇಳುತ್ತಾರೆ. ದಾರಿತಪ್ಪಿದ ಆ ಬಡಜನರು ತಮ್ಮ ತಪ್ಪಿಗಾಗಿಯೇ ಪ್ರಾಣ ಕೊಟ್ಟಿರಲು, ಸತ್ಯವನ್ನು ಬಲ್ಲ ತಾನು ಹಾಯಾಗಿ ಕುಳಿತಿದ್ದೇನಲ್ಲಾ ಎಂಬ ವ್ಯಥೆಯು ಅವನನ್ನು ಸುಟ್ಟಿತು. 1536ರ ಜನವರಿಯಲ್ಲಿ ಅವನು ಎಲ್ಲವನ್ನೂ ಬಿಟ್ಟು ಹೊರಟನು. ಸುಮಾರು ಒಂದು ವರುಷದ ತರುವಾಯ, ಕತ್ತಿಯನ್ನು ನಿರಾಕರಿಸಿದ ಸಮಾಧಾನಪ್ರಿಯ ಸಹೋದರರಿಗೆ ಹಿರಿಯನಾದನು.

ಅಂದಿನಿಂದ ಹೆಂಡತಿಯಾದ ಗೆರ್ಟ್ರೂಡಳೊಡನೆ ಅವನಿಗೆ ಅಲೆದಾಟವೇ ಬಾಳಾಯಿತು. 1539ರಲ್ಲಿ ಅವನಿಗೆ ಮನೆಯಲ್ಲಿ ಎಡೆಕೊಟ್ಟ ಅಪರಾಧಕ್ಕಾಗಿ ಟ್ಯಾರ್ಡ್ ಎಂಬ ರೈತನಿಗೆ ಮರಣದಂಡನೆಯಾಯಿತು. 1542ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯು ಮೆನ್ನೋವನ್ನು ಹಿಡಿದುಕೊಡುವವರಿಗೆ 100 ಗಿಲ್ಡರ್ ಬಹುಮಾನವನ್ನು ಸಾರಿಸಿದನು. ಬಾಗಿಲು ತೆರೆದವನು ಪ್ರಾಣವನ್ನೇ ತೆರಬೇಕಾದ ಕಾಲವದು.

1553ರ ಚಳಿಗಾಲದಲ್ಲಿ ಮೆನ್ನೋ ಜರ್ಮನಿಯ ಕರಾವಳಿಯ ವಿಸ್ಮಾರ್ ಪಟ್ಟಣದಲ್ಲಿ ಅಡಗಿದ್ದನು. ಇಂಗ್ಲೆಂಡಿನಲ್ಲಿ ಮೇರಿ ರಾಣಿ ಪಟ್ಟಕ್ಕೆ ಬಂದದ್ದರಿಂದ ಲಂಡನ್ನಿನಿಂದ ಓಡಿಬಂದ ಪ್ರಾಟೆಸ್ಟಂಟರು ಡೆನ್ಮಾರ್ಕಿನಲ್ಲಿಯೂ ಆಶ್ರಯ ಕಾಣದೆ ಅಲ್ಲಿಗೆ ಬಂದರು. ಚಳಿಗೆ ಸಮುದ್ರದ ನೀರೇ ಕಲ್ಲಿನಂತೆ ಗಟ್ಟಿಯಾಗಿ, ಅವರ ಹಡಗು ಅದರೊಳಗೆ ಸಿಕ್ಕಿಕೊಂಡಿತು. ಪಟ್ಟಣದವರು ಅವರ ಕಡೆಗೆ ನೋಡಲಿಲ್ಲ. ಆಗ ಮೆನ್ನೋವಿನ ಸಹೋದರರು, ಹೊರಗೆ ಕಾಣಿಸಿಕೊಂಡರೆ ತಮಗೇ ಅಪಾಯವೆಂದು ತಿಳಿದರೂ, ಮಂಜುಗಡ್ಡೆಯ ಮೇಲೆ ನಡೆದುಹೋಗಿ ಆಹಾರ ಕೊಟ್ಟು ಅವರನ್ನು ದಡಕ್ಕೆ ತಂದರು. ಆ ಪರದೇಶಿಗಳು ಉಪದೇಶದಲ್ಲಿ ಇವರನ್ನು ಒಪ್ಪಿದವರಲ್ಲ. ಕೆಲವು ವಾರಗಳಲ್ಲಿಯೇ ಅವರ ಬೋಧಕರಿಗೂ ಮೆನ್ನೋವಿಗೂ ಕಟುವಾದ ವಾಗ್ವಾದ ನಡೆಯಿತು. 1554ರಲ್ಲಿ ಮೆನ್ನೋ ಪಟ್ಟಣವನ್ನೇ ಬಿಡಬೇಕಾಯಿತು. ಆದರೂ ಕೊಟ್ಟ ರೊಟ್ಟಿ ವ್ಯರ್ಥವಾಗಲಿಲ್ಲವೆಂದು ನಾವು ನಂಬುತ್ತೇವೆ.

ಕಡೆಗೆ ಹೋಲ್‌ಸ್ಟೈನ್ ಸೀಮೆಯ ಒಬ್ಬ ಜಮೀನುದಾರನು ತನ್ನ ಹಳ್ಳಿಯಲ್ಲಿ ಅವನಿಗೆ ಸ್ಥಳ ಕೊಟ್ಟನು. ಊರುಗೋಲು ಹಿಡಿದು ನಡೆಯುತ್ತಿದ್ದ ಮೆನ್ನೋ ಅಲ್ಲಿ ಪುಸ್ತಕಗಳನ್ನು ಬರೆದು ಅಚ್ಚುಹಾಕಿಸಿದನು. ಅವನಲ್ಲಿ ಕುಂದಿರಲಿಲ್ಲವೆನ್ನಲಾರೆವು: ಸಭೆಯಿಂದ ಬಹಿಷ್ಕೃತರಾದವರ ವಿಷಯದಲ್ಲಿ ಅವನು ಹಿಡಿದ ಬಿಗಿಯಾದ ನಿಲುವು ಅನೇಕ ಮನೆಗಳಿಗೆ ದುಃಖ ತಂದಿತು. 1561ರ ಜನವರಿ 31ರಂದು, ಚಳಿಗಾಲದಲ್ಲಿಯೇ, ಅವನು ಕರ್ತನಲ್ಲಿ ನಿದ್ರೆಹೋದನು. ತನ್ನ ತೋಟದಲ್ಲಿಯೇ ಹೂಣಲ್ಪಟ್ಟನು. ಅವನ ಹೆಸರಿನಿಂದ ಕರೆಯಲ್ಪಡುವ ಮೆನ್ನೊನೈಟ್ ಸಭೆಗಳು ಈಗ ನಮ್ಮ ಭಾರತದಲ್ಲಿಯೂ ಇವೆ.

ಸಹೋದರರೇ, ಸುಗ್ಗಿಯಲ್ಲಿ ಸ್ತೋತ್ರ ಹಾಡುವದು ಸುಲಭ. ನಮ್ಮ ಕಣಜದಲ್ಲಿಯೂ ಕಾಳು ಕಡಿಮೆಯಾಗಿರುವಾಗ, ನಮ್ಮ ಸಭೆಯವನಲ್ಲದ, ನಮ್ಮ ಜಾತಿಯವನಲ್ಲದ, ನಾಳೆ ನಮ್ಮೊಡನೆ ವಾದಕ್ಕೆ ನಿಲ್ಲಬಹುದಾದ ಒಬ್ಬನು ಹಸಿದು ಬಂದರೆ ನಾವು ಏನು ಮಾಡುವೆವು? ಈ ಪ್ರಶ್ನೆಗೆ ಬಾಯಿಂದಲ್ಲ, ಬಾಗಿಲಿಂದ ಉತ್ತರ ಕೊಡುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.