ಜಾಂ ವಿಗೋ: ನೋವು ಕಂಡ ಬೆಳಕು

ಕಲಾವಿದನ ಹಿರಿಮೆಯನ್ನು ಕೃತಿಗಳ ಗಾತ್ರದಿಂದ ಅಳೆಯಲಾಗದು. ಫ್ರಾನ್ಸಿನ ಚಲಚ್ಚಿತ್ರ ನಿರ್ದೇಶಕ ಜಾಂ ವಿಗೋ ನಿರ್ಮಿಸಿದ್ದು ನಾಲ್ಕೇ ಚಿತ್ರಗಳು. ಒಟ್ಟಿಗೆ ನೋಡಿದರೂ ಮೂರು ಗಂಟೆ ತುಂಬದು. ಆತನ ಬಾಲ್ಯವನ್ನು ನೆನೆದು ಅವನ್ನು ನೋಡಿದಾಗಲೆಲ್ಲ ನನ್ನಲ್ಲಿ ಏಳುವ ಪ್ರಶ್ನೆ ಒಂದೇ: ಇಷ್ಟು ನೊಂದವನ ಕಣ್ಣಿನಲ್ಲಿ ಕಹಿಯೇಕೆ ಉಳಿಯಲಿಲ್ಲ?

ವಿಗೋ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಪ್ಯಾರಿಸ್ಸಿನಲ್ಲಿ. ತಂದೆ, ಮಿಗೆಲ್ ಅಲ್ಮೆರೇದಾ ಎಂಬ ಹೆಸರು ತಳೆದಿದ್ದ ಅರಾಜಕತಾವಾದಿ ಪತ್ರಕರ್ತ. ಮೊದಲ ಮಹಾಯುದ್ಧದ ನಡುವೆ ಬಂಧಿತನಾದ ಆತ 1917ರ ಆಗಸ್ಟಿನಲ್ಲಿ ಸೆರೆಮನೆಯ ಕೋಣೆಯಲ್ಲಿ ಕೊರಳು ಬಿಗಿದು ಸತ್ತಿದ್ದ. ಆತ್ಮಹತ್ಯೆಯೆಂದು ಅಧಿಕಾರಿಗಳು ಸಾರಿದರು. ಕೊಲೆಯೆಂಬ ಶಂಕೆ ಮಾತ್ರ ಅಳಿಯಲಿಲ್ಲ. ಹನ್ನೆರಡು ವರ್ಷದ ಬಾಲಕ ದೇಶದ್ರೋಹಿಯ ಮಗನೆನಿಸಿಕೊಂಡ. ಮಿಯೋ ಪಟ್ಟಣದ ವಸತಿಶಾಲೆಯಲ್ಲಿ ಬೇರೊಂದು ಹೆಸರಿನಿಂದ ಬೆಳೆಯಬೇಕಾಯಿತು. ತಂದೆಯನ್ನು ಕಳೆದುಕೊಂಡವನು ತಂದೆಯ ಹೆಸರನ್ನೂ ಬಚ್ಚಿಡಬೇಕಾದ ಸ್ಥಿತಿ ಅದು. ಸಾಲದೆಂಬಂತೆ ತಾರುಣ್ಯದಲ್ಲಿ ಕ್ಷಯರೋಗ ಅಂಟಿಕೊಂಡಿತು.

ಆರೋಗ್ಯಧಾಮದಲ್ಲಿ ಪರಿಚಯವಾದ ಲಿದೂ ಎಂಬಾಕೆಯನ್ನು ಅವನು ವರಿಸಿದ. ಮಾವ ಕೊಟ್ಟ ಹಣದಿಂದ ಕ್ಯಾಮರಾ ಕೊಂಡ. ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ನನೊಡನೆ ಕೂಡಿ 1930ರಲ್ಲಿ ನೀಸ್ ನಗರವನ್ನು ಕುರಿತು ಚಿತ್ರ ಮಾಡಿದ. ಕಡಲತೀರದ ವಿಲಾಸಿಗಳನ್ನೂ ಓಣಿಗಳ ಬಡವರನ್ನೂ ಅದು ಎದುರುಬದುರು ನಿಲ್ಲಿಸಿತು. ಮರುವರ್ಷ ಈಜುಗಾರನೊಬ್ಬನನ್ನು ನೀರಿನೊಳಗಿನಿಂದ ತೋರಿಸಿದ.

ಶಾಲೆಯ ನೆನಪು ಕೃತಿಯಾದದ್ದು 1933ರಲ್ಲಿ, ‘ನಡತೆಗೆ ಸೊನ್ನೆ’ ಎಂಬರ್ಥದ ಹೆಸರಿನ ಚಿತ್ರದಲ್ಲಿ. ವಸತಿಶಾಲೆಯ ಹುಡುಗರು ಬಂಡಾಯವೇಳುತ್ತಾರೆ. ದಿಂಬುಗಳು ಹರಿಯುತ್ತವೆ, ಗರಿಗಳು ಹಿಮದಂತೆ ಸುರಿಯುತ್ತವೆ. ಆ ಕ್ಷಣದಲ್ಲಿ ದೃಶ್ಯ ಮಂದಗತಿಗೆ ಇಳಿದು, ಗಲಭೆ ಉತ್ಸವದ ಮೆರವಣಿಗೆಯಾಗುತ್ತದೆ. ಸಂಗೀತವನ್ನೂ ಮೊರೀಸ್ ಝೋಬೇರ್ ಹಿಂದುಮುಂದಾಗಿಸಿ ಕೇಳಿಸಿದ್ದಾನೆ. ನನ್ನ ಪ್ರಶ್ನೆಗೆ ಉತ್ತರ ದೊರೆತದ್ದು ಇಲ್ಲಿಯೇ. ವಿಗೋ ಸಿಟ್ಟನ್ನು ಮರೆಯಲಿಲ್ಲ. ಅದರ ವೇಗವನ್ನು ತಗ್ಗಿಸಿದ. ವೇಗ ತಗ್ಗಿದಾಗ ಸೇಡು ಉದುರಿ, ಸ್ವಾತಂತ್ರ್ಯದ ಹಂಬಲವೊಂದೇ ತೇಲಿತು. ಅಧಿಕಾರ ಅಂಜಿದ್ದೂ ಬಹುಶಃ ಅದಕ್ಕೇ: ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಫ್ರಾನ್ಸಿನಲ್ಲಿ ಆ ಚಿತ್ರ ನಿಷಿದ್ಧವಾಗಿತ್ತು.

ಕೊನೆಯ ಕೃತಿ ‘ಲತಲಾಂತ್’ (1934) ಸರಕುದೋಣಿಯಲ್ಲಿ ಸಂಸಾರ ಹೂಡಿದ ನವದಂಪತಿಗಳ ಕತೆ. ಪ್ರೀತಿಸಿದವರ ಮುಖ ನೀರಿನಲ್ಲಿ ಕಾಣುತ್ತದೆಂಬ ಹೆಂಡತಿಯ ನಂಬಿಕೆಯನ್ನು ಗಂಡ ಮೊದಲು ನಗೆಯಾಡುತ್ತಾನೆ. ಅವಳು ದೂರವಾದ ಮೇಲೆ ಕಾಲುವೆಗೆ ಧುಮುಕಿ, ನೀರಿನಲ್ಲಿ ಅವಳನ್ನು ಕಾಣುತ್ತಾನೆ. ವಿತರಕರು ಚಿತ್ರವನ್ನು ಕತ್ತರಿಸಿ, ಜನಪ್ರಿಯ ಹಾಡೊಂದರ ಹೆಸರಿಟ್ಟು ಬಿಡುಗಡೆ ಮಾಡಿದರು. ಹಾಸಿಗೆ ಹಿಡಿದಿದ್ದ ವಿಗೋ ಅಕ್ಟೋಬರ್ 5ರಂದು ತೀರಿಕೊಂಡ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ.

ಚಿತ್ರದ ಪೂರ್ಣರೂಪವನ್ನು ಮತ್ತೆ ಕೂಡಿಸುವ ಯತ್ನ 1990ರಲ್ಲಿ ಸಫಲವಾಯಿತು. ಬಾಲ್ಯದಲ್ಲಿ ಬಚ್ಚಿಡಬೇಕಾಗಿದ್ದ ಆ ಹೆಸರನ್ನು ಫ್ರಾನ್ಸ್ 1951ರಿಂದಲೇ ಯುವ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಯೊಂದಕ್ಕೆ ಇಟ್ಟು ಗೌರವಿಸುತ್ತ ಬಂದಿದೆ.